ಸದ್ದಿಗಿಂತ ಮೌನ ನಂಬಲರ್ಹ

1994ರ ಫೆಬ್ರವರಿ 17ರಂದು ಕಾಂಪ್ಟನ್ ಉಪಗ್ರಹ ಕಂಡ ಗಾಮಾ ಕಿರಣ ಸ್ಫೋಟ ಮೂರೇ ನಿಮಿಷದಲ್ಲಿ ಆರಿತು. ಆದರೂ ಅದೇ ದಿಕ್ಕಿನಿಂದ ಪ್ರಬಲ ಫೋಟಾನ್‌ಗಳು ಒಂದೂವರೆ ತಾಸಿನವರೆಗೆ ಬರುತ್ತಲೇ ಇದ್ದವು. ಒಂದರ ಶಕ್ತಿ 18 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಮರುವರ್ಷ ಭೌತವಿಜ್ಞಾನಿ ರೈನರ್ ಪ್ಲಾಗಾ ಇಂಥ ವಿಳಂಬದಿಂದಲೇ ಗೆಲಾಕ್ಸಿಗಳ ನಡುವಿನ ಕಾಂತಕ್ಷೇತ್ರವನ್ನು ಅಳೆಯುವ ಉಪಾಯವನ್ನು ‘ನೇಚರ್’ನಲ್ಲಿ ಮುಂದಿಟ್ಟರು. ಟೆರಾ ಮಟ್ಟದ, ಅಂದರೆ ಗಿಗಾದ ಸಾವಿರ ಪಟ್ಟು ಶಕ್ತಿಯ ಫೋಟಾನ್ ದಾರಿಯಲ್ಲಿ ನಕ್ಷತ್ರಗಳ ಹಳೆಯ ಬೆಳಕಿಗೆ ಡಿಕ್ಕಿ ಹೊಡೆದರೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಹುಟ್ಟುತ್ತದೆ. ಆ ಜೋಡಿ ಮಹಾಸ್ಫೋಟದ ಉಳಿಕೆಯಾದ ಮೈಕ್ರೋವೇವ್ ಕಣಗಳನ್ನು ಗಿಗಾ ಮಟ್ಟಕ್ಕೆ ಚಿಮ್ಮಿಸುತ್ತದೆ. ನಡುವೆ ಕಾಂತಕ್ಷೇತ್ರವಿದ್ದರೆ ಜೋಡಿಯ ಹಾದಿ ಬಾಗಿ, ಈ ಎರಡನೇ ಪೀಳಿಗೆಯ ಬೆಳಕು ತಡವಾಗುತ್ತದೆ.

ಉಪಾಯ ಸೊಗಸಾಗಿದೆ, ಆದರೆ ತಡವಾಗಿ ಬಂದದ್ದೆಲ್ಲ ಕಾಂತಕ್ಷೇತ್ರದ ಸಾಕ್ಷಿಯಲ್ಲ. 2013ರ ಏಪ್ರಿಲ್ 27ರ ಸ್ಫೋಟದಲ್ಲಿ ಸುಮಾರು ಒಂಬತ್ತು ತಾಸಿನ ನಂತರವೂ 32 ಗಿಗಾ ಫೋಟಾನ್ ಫರ್ಮಿ ಉಪಗ್ರಹಕ್ಕೆ ಸಿಕ್ಕಿತು. ಸ್ಫೋಟದ ಆಘಾತ ಸುತ್ತಲಿನ ಅನಿಲಕ್ಕೆ ನುಗ್ಗಿ ಎಬ್ಬಿಸುವ ಮರುಪ್ರಭೆಯಲ್ಲೂ ಇಂಥ ಫೋಟಾನ್ ಹುಟ್ಟಬಹುದು. 2019ರ ಜನವರಿ 14ರ ಸ್ಫೋಟದಲ್ಲಂತೂ ಮರುಪ್ರಭೆ ಟೆರಾ ಮಟ್ಟವನ್ನೇ ಮುಟ್ಟಿದ್ದನ್ನು ಮ್ಯಾಜಿಕ್ ದೂರದರ್ಶಕಗಳು ತೋರಿಸಿದವು. ಆದ್ದರಿಂದ, ಬಂದ ಬೆಳಕಿಗಿಂತ ಬರಬೇಕಿದ್ದೂ ಬಾರದ ಬೆಳಕೇ ಹೆಚ್ಚು ಹೇಳುತ್ತದೆ. 2010ರಲ್ಲಿ ಖಭೌತ ವಿಜ್ಞಾನಿಗಳಾದ ನೆರೊನೊವ್ ಮತ್ತು ವೊವ್ಕ್ ಹಿಡಿದದ್ದು ಈ ದಾರಿಯನ್ನೇ. ನಮ್ಮತ್ತ ಕಣಧಾರೆ ಚಿಮ್ಮಿಸುವ ಗೆಲಾಕ್ಸಿ ಕೇಂದ್ರಗಳಾದ, ಟೆರಾ ಬೆಳಕು ಸೂಸುವ ಬ್ಲೇಜಾರ್‌ಗಳ ಸುತ್ತ ಇರಬೇಕಾದ ಗಿಗಾ ಬೆಳಕು ಫರ್ಮಿಗೆ ಕಾಣಲಿಲ್ಲ; ಅಂದರೆ ಅದು ಚದುರಿದೆ, ಕ್ಷೇತ್ರ ಕನಿಷ್ಠ 3×10⁻¹⁶ ಗಾಸ್ ಇರಬೇಕು ಎಂದರು. ಭೂಮಿಯದು ಸುಮಾರು ಅರ್ಧ ಗಾಸ್. ಅಷ್ಟು ಕ್ಷೀಣವಾದರೂ ಗೆಲಾಕ್ಸಿಗಳೇ ಇಲ್ಲದ ಬಯಲಲ್ಲಿ ಅದು ಇದೆಯೆಂದರೆ, ಆದಿ ವಿಶ್ವದಲ್ಲೇ ಬಿತ್ತಿದ್ದೇ ಎಂಬ ಪ್ರಶ್ನೆ ಏಳುತ್ತದೆ.

ಬ್ಲೇಜಾರ್ ಇತ್ತೀಚೆಗಷ್ಟೇ ಉರಿಯತೊಡಗಿದ್ದರೆ, ತಡವಾದ ಬೆಳಕು ಇನ್ನೂ ದಾರಿಯಲ್ಲೇ ಇರಬಹುದಲ್ಲ? ನ್ಯಾಯವಾದ ಆಕ್ಷೇಪ. ಸ್ಫೋಟಗಳ ಬೆಲೆ ತಿಳಿಯುವುದು ಇಲ್ಲೇ: ಅವು ಶುರುವಾದ ಕ್ಷಣ ಸೆಕೆಂಡಿನ ಲೆಕ್ಕದಲ್ಲಿ ಗೊತ್ತು. 2022ರ ಅಕ್ಟೋಬರ್ 9ರ ಸ್ಫೋಟದಿಂದ ಚೀನಾದ ಲಾಸೊ ವೀಕ್ಷಣಾಲಯ 64,000ಕ್ಕೂ ಹೆಚ್ಚು ಟೆರಾ ಮಟ್ಟದ ಫೋಟಾನ್‌ಗಳನ್ನು ಎಣಿಸಿದ್ದರಿಂದ, ಅವುಗಳ ಬೆನ್ನಿಗೆ ಎಷ್ಟು ತಡವಾದ ಬೆಳಕು ಬರಬೇಕೆಂದು ಲೆಕ್ಕ ಹಾಕಲು ಸಾಧ್ಯವಾಯಿತು. ಅದರಿಂದ ಕಾಂತಕ್ಷೇತ್ರಕ್ಕೆ ಸಿಕ್ಕ ಮಿತಿಗಳು ಬ್ಲೇಜಾರ್ ಮಿತಿಗಿಂತ ಸಡಿಲ, ಆದರೆ ಊಹೆಯ ಹಂಗು ಕಡಿಮೆ. ಅದೇ ಸ್ಫೋಟದ ಸುಮಾರು ಒಂಬತ್ತು ತಾಸಿನ ನಂತರ ಬಂದ 400 ಗಿಗಾ ಫೋಟಾನನ್ನು ಕೆಲವರು ಕಾಂತಕ್ಷೇತ್ರದ ಗುರುತೆಂದು ಓದಿದ್ದಾರೆ. ಒಂದೇ ಫೋಟಾನಿನ ಮೇಲೆ ಅಷ್ಟು ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಜೋಡಿಗಳ ಶಕ್ತಿ ಬೆಳಕಾಗುವ ಮೊದಲೇ ವಿರಳ ಅನಿಲವನ್ನು ಕಾಯಿಸುವುದರಲ್ಲೇ ಕಳೆದುಹೋಗಬಹುದು ಎಂದು 2012ರಲ್ಲಿ ಬ್ರಾಡರಿಕ್ ಮತ್ತು ಸಂಗಡಿಗರು ವಾದಿಸಿದರು. ಆಗ ಮೌನಕ್ಕೂ ಎರಡು ಅರ್ಥ. ಅದನ್ನು ಬಿಡಿಸಲು ವಿಳಂಬದ ಕ್ರಮವೇ ಬೇಕು: ಕ್ಷೇತ್ರ ಬಾಗಿಸಿದ ಬೆಳಕಾದರೆ ಹೆಚ್ಚು ಶಕ್ತಿಯದ್ದು ಮೊದಲು, ಕಡಿಮೆಯದ್ದು ಆಮೇಲೆ ಬರಬೇಕು. ಆ ಸಾಲನ್ನು ತೋರಿಸುವಷ್ಟು ಫೋಟಾನ್‌ಗಳು ಇನ್ನೂ ಯಾವ ಸ್ಫೋಟದಿಂದಲೂ ಸಿಕ್ಕಿಲ್ಲ.