ಕದಿರು ತಿರುಗುವ ಹೊತ್ತು

ತಳಕಿನವರ ಪಾಡು ನೋಡಿ: ಕಂದಾಯ ಕಟ್ಟುವುದು ಚಳ್ಳಕೆರೆ ತಾಲ್ಲೂಕಿಗೆ, ವೋಟು ಹಾಕುವುದು ಮೊಳಕಾಲ್ಮುರು ಕ್ಷೇತ್ರಕ್ಕೆ. ಎರಡೂ ಕಡೆ ಸಲ್ಲುವ ಈ ಹೋಬಳಿಯ ಒಂದು ಹಟ್ಟಿಯಲ್ಲಿ, ಕಂಬಳಿ ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಹುಣಸೆ ಬೀಜದ ಗಂಜಿಯ ವಾಸನೆ, ಅದರ ಮೇಲೊಂದು ಉಣ್ಣೆಯ ಕಮಟು. ಹೊರಗೆ ಜಗಲಿಯಲ್ಲಿ ಅಜ್ಜಿಯ ರಾಟೆ ಗುಂಯ್ ಅನ್ನುತ್ತಿತ್ತು.

ಅಜ್ಜ ಮಗ್ಗದ ಗುಣಿಯೊಳಗೆ ಕಾಲು ಇಳಿಬಿಟ್ಟಿದ್ದರು. ತುಳಿದರೆ ಕರಿ ಉಣ್ಣೆಯ ಹಾಸು ಬಾಯಿ ಬಿಡುತ್ತದೆ. ಬಲಗೈ ಲಾಳಿ ನೂಕುತ್ತದೆ, ಎಡಗೈ ಹಿಡಿಯುತ್ತದೆ. ಕತ್ತಿಯಂಥ ಮರದ ಪಟ್ಟಿ ಒಳಹೊಕ್ಕು ಎಳೆಯನ್ನು ಬಡಿದು ಕೂರಿಸುತ್ತದೆ. ಮತ್ತೆ ಕಾಲು. ಈಗ ನೂಕುವುದು ಎಡಗೈ, ಹಿಡಿಯುವುದು ಬಲಗೈ. ಕಣ್ಣು ಮಾತ್ರ ಎಲ್ಲೋ ಬಾಗಿಲ ಕಡೆ.

"ಲಾಳಿ ಬಂತು ಅಂತ ಎಡಗೈಗೆ ಹೆಂಗೆ ಗೊತ್ತಾಗ್ತತೆ ಅಜ್ಜಾ?" ಅಂದೆ. ಪಟ್ಟನೆ ಎಳೆ ಕಡಿಯಿತು. ಎರಡೂ ತುದಿಗೆ ಉಗುಳು ಹಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದರು. ಗಂಟಿಲ್ಲ, ಉಣ್ಣೆಗೆ ಉಣ್ಣೆಯೇ ಕಚ್ಚಿಕೊಂಡಿತು. "ಮಾತಾಡ್ಸಬ್ಯಾಡಪ್ಪ, ಲೆಕ್ಕ ತಪ್ತತೆ."

ಆ ಲೆಕ್ಕ ಇರುವುದು ತಲೆಯೊಳಗೆ, ಅದೂ ಎರಡು ಕಡೆ. ಬಲಗೈಯನ್ನು ಆಡಿಸುವುದು ಮಿದುಳಿನ ಎಡಹೋಳು, ಎಡಗೈಯನ್ನು ಬಲಹೋಳು. ನಡುವೆ ಸುಮಾರು 20 ಕೋಟಿ ನರತಂತುಗಳ ದಪ್ಪ ಪಟ್ಟಿಯೊಂದು ಹಾಯ್ದಿದೆ. ಮಿದುಳಿನ ವಿದ್ಯುತ್ ಅಲೆಗಳನ್ನು ನೆತ್ತಿಯ ಮೇಲಿಂದಲೇ ಬರೆಸಿಕೊಳ್ಳಬಹುದೆಂದು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮೇಲೆ ಈ ಒಳತಾಳ ಕಣ್ಣಿಗೆ ಬಿತ್ತು. ಕೈ ಸುಮ್ಮನಿದ್ದಾಗ, ಚಲನೆಯ ಉಸ್ತುವಾರಿ ಹೊತ್ತ ಭಾಗಗಳಲ್ಲಿ ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವ ಬೀಟಾ ಅಲೆ ಇರುತ್ತದೆ. ಕೈ ಎತ್ತಲು ಹೊರಟರೆ ಎರಡೂ ಹೋಳುಗಳಲ್ಲಿ ಅದು ತಗ್ಗುತ್ತದೆ. ಕೈ ನಿಂತರೆ ಮತ್ತೆ ಉಕ್ಕುತ್ತದೆ. ಭಜನೆಗೆ ಕೂತವರೆಲ್ಲ ಒಂದೇ ತಾಳ ಹಾಕುತ್ತಿರುತ್ತಾರಲ್ಲ, ಎದ್ದು ಕೆಲಸಕ್ಕೆ ಹೋಗಬೇಕಾದರೆ ತಾಳ ಕೆಳಗಿಡಲೇಬೇಕು. ಹಾಗೆ.

ನೀವೇ ನೋಡಿ. ಎರಡೂ ತೋರುಬೆರಳು ಮುಂದೆ ಚಾಚಿ, ಬಸ್ಸಿನ ವೈಪರಿನಂತೆ ಒಂದೇ ದಿಕ್ಕಿಗೆ ಆಡಿಸಿ. ವೇಗ ಹೆಚ್ಚಿಸುತ್ತ ಹೋಗಿ. ಒಂದು ಹಂತದಲ್ಲಿ ನಿಮ್ಮನ್ನು ಕೇಳದೆಯೇ ಬೆರಳುಗಳು ಕನ್ನಡಿಯಲ್ಲಿ ಕಂಡಂತೆ, ಎರಡೂ ಒಳಗೆ, ಎರಡೂ ಹೊರಗೆ ಆಡತೊಡಗುತ್ತವೆ. ವಿಜ್ಞಾನಿ ಸ್ಕಾಟ್ ಕೆಲ್ಸೊ 1984ರಲ್ಲಿ ವಿವರಿಸಿದ ಪ್ರಯೋಗವಿದು, ಖರ್ಚು ಸೊನ್ನೆ. ಬಿಟ್ಟರೆ ಕೈಗಳೆರಡೂ ಒಂದನ್ನೊಂದು ಅನುಕರಿಸುತ್ತವೆ. ನೇಕಾರನದು ಆ ಸೆಳೆತವನ್ನು ದಿನವಿಡೀ ಮೀರುವ ಕಸುಬು. ಅತ್ತ ಮೊಳಕಾಲ್ಮುರಿನ ರೇಷ್ಮೆ ಸೀರೆಗೋ ಅಂಚಿಗೊಂದು ಲಾಳಿ, ಒಡಲಿಗೊಂದು ಲಾಳಿ. ಎಡಮಿದುಳು ಲೆಕ್ಕಕ್ಕೆ, ಬಲಮಿದುಳು ಕಲೆಗೆ ಎಂದು ಫೀಸು ವಸೂಲಿ ಮಾಡುವವರು ಒಮ್ಮೆ ಈ ಗುಣಿಯಲ್ಲಿ ಕೂತು ಒಂದು ಗೇಣು ನೇಯಲಿ.

ಸಂಜೆಯಾಯಿತು. ಅಜ್ಜಿ ರಾಟೆ ನಿಲ್ಲಿಸಿ ಕದಿರನ್ನು ಕಳಚಿದರು. ಎರಡು ತುದಿ ಸಣ್ಣಗೆ, ನಡುವೆ ನೂಲು ಸುತ್ತಿ ಉಬ್ಬಿದ ಹೊಟ್ಟೆ. ನಿದ್ದೆಯ ದಾಖಲೆಯಲ್ಲಿ ಇದೇ ಆಕಾರದ ಅಲೆಗೊಂಚಲು ಬರುತ್ತದೆ; ವಿಜ್ಞಾನಿಗಳು ಅದಕ್ಕಿಟ್ಟ ಹೆಸರೂ ಕದಿರು! ಮಿದುಳಿನ ಆಳದ ಥಾಲಮಸ್‌ನಿಂದ ಹೊರಟು, ಸೆಕೆಂಡಿಗೆ 11ರಿಂದ 16 ಬಡಿತದಂತೆ, ಅರ್ಧದಿಂದ ಎರಡು ಸೆಕೆಂಡು ತಿರುಗಿ ನಿಲ್ಲುತ್ತದೆ. ಗಾಢ ನಿದ್ದೆಯಲ್ಲಿ ಸೆಕೆಂಡಿಗೊಂದರಂತೆ ಏಳುವ ನಿಧಾನದ ಅಲೆ ಹೆಚ್ಚಾಗಿ ಹಣೆಯ ಕಡೆಯಿಂದ ಹಿಂದಕ್ಕೆ ಸಾಗುತ್ತದೆ, ನಡುವಿನ ಪಟ್ಟಿಯನ್ನು ಹಾಯ್ದು ಎರಡೂ ಹೋಳುಗಳಿಗೆ ಹಬ್ಬುತ್ತದೆ. ಹಗಲು ಕಲಿತ ಬೆರಳ ಕೆಲಸ ಒಂದು ರಾತ್ರಿ ಮಲಗಿ ಎದ್ದರೆ ಚುರುಕಾಗುವುದಕ್ಕೂ ಈ ಕದಿರುಗಳಿಗೂ ನಂಟಿದೆ.

ಆದರೆ ಎರಡೂ ಹೋಳು ಸದಾ ಜೊತೆಯಲ್ಲೇ ಮಲಗಬೇಕೆಂದಿಲ್ಲ. ನಾವು ಅರೆಬರೆ ನಿದ್ದೆಗೆ ಕೋಳಿ ನಿದ್ದೆ ಅನ್ನುತ್ತೇವಲ್ಲ, ಮಾತು ಅಕ್ಷರಶಃ ನಿಜ. ಕೋಳಿ ಒಂದು ಕಣ್ಣು ತೆರೆದಿಟ್ಟು ಅರ್ಧ ಮಿದುಳನ್ನಷ್ಟೇ ಮಲಗಿಸಬಲ್ಲದು. ಡಾಲ್ಫಿನ್ನಿನದೂ ಇದೇ ಉಪಾಯ. ಮನುಷ್ಯರಲ್ಲೂ ಇದರ ಎಳೆಯೊಂದು ಉಳಿದಿದೆ: ಪರಸ್ಥಳದ ಮೊದಲ ರಾತ್ರಿ ಎಡಹೋಳಿನ ಒಂದು ಭಾಗ ಅಷ್ಟು ಆಳಕ್ಕೆ ಇಳಿಯದೆ ಕಾವಲಿರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಬಲಗಿವಿಯ ಬಳಿ ಅಪರೂಪದ ಸದ್ದಾದರೆ ಥಟ್ಟನೆ ಎಚ್ಚರ. ಮುಂದಿನ ಸಲ ಅಲ್ಲೇ ಮಲಗಿದಾಗ ಆ ಕಾವಲು ಕಾಣಲಿಲ್ಲ.

ಆ ರಾತ್ರಿ ಜಗಲಿಯಲ್ಲಿ, ಅಜ್ಜ ಕೊಟ್ಟ ಕಂಬಳಿಯ ಮೇಲೆ ಮಲಗಿದೆ. ಮಂದೆಯಲ್ಲಿ ಒಂದು ಕುರಿ ಕೆಮ್ಮಿದರೂ ಎಚ್ಚರ. ದೂರದ ಬಳ್ಳಾರಿ ರಸ್ತೆಯ ಲಾರಿಗಳನ್ನೆಲ್ಲ ಎಣಿಸಿದೆ. ಮರುರಾತ್ರಿಯೂ ಅಲ್ಲೇ ಉಳಿದೆ. ಎಷ್ಟು ಲಾರಿ ಹೋದವೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅಜ್ಜ ಆಗಲೇ ಗುಣಿಗಿಳಿದಿದ್ದರು.