ತ್ರಾಪಿಜ್ಯದ ‘ತ್ರಾ’ ಮೂರಲ್ಲ, ನಾಲ್ಕು

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆ ಕಡಿಮೆಯಿರುವ ಸೀಮೆ. ಕೆರೆ ಎಂದರೇನೆಂದು ಇಲ್ಲಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮೂರಿನ ಕೆರೆ ಏರಿಯನ್ನು ಅಡ್ಡಲಾಗಿ ಕತ್ತರಿಸಿದಂತೆ ಊಹಿಸಿಕೊಳ್ಳಿ. ಮೇಲೆ ಬಂಡಿ ಹೋಗುವಷ್ಟು ಅಗಲದ ಮಟ್ಟಸವಾದ ದಾರಿ, ಕೆಳಗೆ ಅಗಲವಾದ ತಳ, ಎರಡೂ ಬದಿಗೆ ಇಳಿಜಾರು. ಮೇಲಂಚು ಮತ್ತು ತಳ ಸಮಾಂತರವಾಗಿವೆ, ಇಳಿಜಾರುಗಳು ಹಾಗಿಲ್ಲ. ಪಠ್ಯಪುಸ್ತಕದ ತ್ರಾಪಿಜ್ಯ ಇದೇ.

ಈ ಹೆಸರು ಕೇಳಿದೊಡನೆ ವಿದ್ಯಾರ್ಥಿಗಳಿಗೆ ‘ತ್ರಿಜ್ಯ’ ನೆನಪಾಗುವುದು ಸಹಜ. ಆದರೆ ಇವೆರಡಕ್ಕೂ ನಂಟಿಲ್ಲ. ತ್ರಿಜ್ಯ ಅಪ್ಪಟ ಸಂಸ್ಕೃತ ಪದ. ‘ಜ್ಯಾ’ ಎಂದರೆ ಬಿಲ್ಲಿನ ಹೆದೆ. ಮೂರು ರಾಶಿಗಳ, ಅಂದರೆ 90 ಡಿಗ್ರಿಯ ಜ್ಯಾ ವೃತ್ತದ ಅರೆವ್ಯಾಸಕ್ಕೆ ಸಮವಾಗುವುದರಿಂದ ಅದು ತ್ರಿಜ್ಯವಾಯಿತು. ತ್ರಾಪಿಜ್ಯವಾದರೋ ‘ಟ್ರೆಪೀಜಿಯಂ’ ಎಂಬ ಪದಕ್ಕೆ ಸಂಸ್ಕೃತದ ವೇಷ ತೊಡಿಸಿದ್ದು! ಅದರ ಮೂಲ ಗ್ರೀಕ್ ಭಾಷೆಯ ‘ಟ್ರಪೆಜಾ’. ‘ಟ್ರ’ ಎಂಬುದು ನಾಲ್ಕನ್ನು ಸೂಚಿಸುವ ‘ಟೆಟ್ರಾ’ದ ಮೊಟಕು ರೂಪ; ‘ಪೆಜಾ’ ಎಂದರೆ ಕಾಲು, ನಮ್ಮ ‘ಪಾದ’ದ ದೂರದ ಬಂಧು. ನಾಲ್ಕು ಕಾಲಿನದು, ಅಂದರೆ ಮೇಜು. ಹಣ ವಿನಿಮಯ ಮಾಡುವವರು ಮೇಜು ಹಾಕಿಕೊಂಡು ಕೂರುತ್ತಿದ್ದುದರಿಂದ ಇಂದಿಗೂ ಗ್ರೀಸಿನಲ್ಲಿ ಬ್ಯಾಂಕಿಗೆ ‘ಟ್ರಪೆಜಾ’ ಎಂದೇ ಹೆಸರು.

ಯೂಕ್ಲಿಡ್ ಚೌಕ, ಆಯತ, ವಜ್ರಾಕೃತಿ, ಸಮಾಂತರ ಚತುರ್ಭುಜಗಳನ್ನು ಹೆಸರಿಸಿ, ಉಳಿದ ಚತುರ್ಭುಜಗಳನ್ನೆಲ್ಲ ‘ಪುಟ್ಟ ಮೇಜು’ಗಳೆಂದು ಒಂದೇ ಗುಂಪಿಗೆ ಸೇರಿಸಿದ. ಸಮಾಂತರ ಬಾಹುಗಳಿರುವುದಕ್ಕೆ ಟ್ರೆಪೀಜಿಯಂ, ಇಲ್ಲದ್ದಕ್ಕೆ ಟ್ರೆಪಿಜಾಯ್ಡ್ ಎಂದು ಬೇರ್ಪಡಿಸಿದವನು 5ನೆಯ ಶತಮಾನದ ಪ್ರೋಕ್ಲಸ್. 1795ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹಟನ್ ತನ್ನ ಗಣಿತ ನಿಘಂಟಿನಲ್ಲಿ ಇವೆರಡನ್ನೂ ಅದಲುಬದಲು ಮಾಡಿಬಿಟ್ಟ. ಬ್ರಿಟಿಷರು ಮುಂದೆ ತಿದ್ದಿಕೊಂಡರು. ಅಮೆರಿಕದಲ್ಲಿ ಹಾಗೆಯೇ ಉಳಿಯಿತು. ಅಲ್ಲಿಯ ಪುಸ್ತಕ ತೆರೆದರೆ ನಮ್ಮ ತ್ರಾಪಿಜ್ಯ ‘ಟ್ರೆಪಿಜಾಯ್ಡ್’ ಆಗಿರುತ್ತದೆ. ವಿದ್ಯಾರ್ಥಿಗಳು ಗಾಬರಿಯಾಗಬೇಕಿಲ್ಲ.

ಹಿಂದಿಯವರು ಇದನ್ನು ‘ಸಮಲಂಬ ಚತುರ್ಭುಜ’ ಎನ್ನುತ್ತಾರೆ. ಮೇಲಿನ ಎರಡು ಶೃಂಗಗಳಿಂದ ತಳಕ್ಕೆ ಎಳೆದ ಲಂಬಗಳು ಸಮ ಎಂಬ ಗುಣ ಹೆಸರಿನಲ್ಲೇ ಇದೆ. ನನ್ನ ಮಟ್ಟಿಗೆ ಇದೇ ಮೇಲು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಇಳಿಜಾರುಗಳೆರಡೂ ಸಮನಾಗಿರುವುದನ್ನು ‘ದ್ವಿಸಮ’ ಎಂದು ಕರೆದಿದ್ದ. ಆದರೂ ಪಠ್ಯದಲ್ಲಿರುವುದು ತ್ರಾಪಿಜ್ಯ; ಪಾಠ ಆರಂಭಿಸುವಾಗ ಮೇಜಿನ ಕಥೆ ಹೇಳಿಬಿಡಿ.

ಸಮಾಂತರ ಬಾಹುಗಳ ಮೊತ್ತದ ಅರ್ಧವನ್ನು ಎತ್ತರದಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆಂಬ ಸೂತ್ರ 499ರ ಆರ್ಯಭಟೀಯದಲ್ಲೇ ಇದೆ. ಮೇಲೆ 2 ಮೀಟರ್, ತಳದಲ್ಲಿ 8 ಮೀಟರ್ ಅಗಲ, 3 ಮೀಟರ್ ಎತ್ತರದ ಏರಿ ಎನ್ನೋಣ. ಅಡ್ಡಕೊಯ್ತದ ವಿಸ್ತೀರ್ಣ 15 ಚದರ ಮೀಟರ್. 100 ಮೀಟರ್ ಉದ್ದಕ್ಕೆ 1500 ಘನ ಮೀಟರ್ ಮಣ್ಣು. ತಳದ ಅಗಲವನ್ನಷ್ಟೇ ಅಳೆದು ಆಯತವೆಂದು ಲೆಕ್ಕ ಹಾಕಿದರೆ 2400 ಬರುತ್ತದೆ. ಯಾರೂ ಹೊರದ 900 ಘನ ಮೀಟರ್ ಮಣ್ಣಿಗೆ ಊರಿನವರು ಹಣ ತೆತ್ತಂತಾಗುತ್ತದೆ.