ನಿಮಗಿದು ಗೊತ್ತೇ? ಹೆಜ್ಜೆ ಗಟ್ಟಿ, ತೆರೆಯ ಆಯುಸ್ಸು ಗಿಡ್ಡ

● ಟ್ಯಾಪ್ ಕುಣಿತ ಕಣ್ಣಿಗೆಷ್ಟೋ ಕಿವಿಗೂ ಅಷ್ಟೇ. ಬೂಟಿನ ತುದಿಗೆ, ಹಿಮ್ಮಡಿಗೆ ಲೋಹದ ತಗಡು ಬಡಿದಿರುತ್ತಾರೆ. ನಮ್ಮವರು ಗೆಜ್ಜೆಯಲ್ಲಿ ನುಡಿಸುವುದನ್ನು ಅವರು ನೆಲದ ಮೇಲೇ ನುಡಿಸುತ್ತಾರೆ. ಮೂಕಿ ಚಿತ್ರಗಳಿಗೆ ಇದರಿಂದ ದಕ್ಕಿದ್ದು ಅರ್ಧ ಮಾತ್ರ. ಟಾಕಿ ಬಂದದ್ದೇ ತಡ, ಹಾಲಿವುಡ್ ಟ್ಯಾಪ್ ಕುಣಿಯುವ ಹುಡುಗಿಯರನ್ನು ಹುಡುಕತೊಡಗಿತು.

● ಹುಡುಕಿದ್ದು ವಾಡೆವಿಲ್ ರಂಗದಲ್ಲಿ. ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಜಾದೂ, ಕಸರತ್ತು, ಹಾಸ್ಯ ಎಲ್ಲವೂ ಸಿಗುತ್ತಿದ್ದ ಆಟ ಅದು. ತಮಾಷೆಯೆಂದರೆ, ಕಲಾವಿದರಿಗೆ ಕೆಲಸ ಕೊಟ್ಟ ಟಾಕಿಯೇ ಅವರ ತವರನ್ನೂ ಮುಚ್ಚಿಸಿತು. ನ್ಯೂಯಾರ್ಕಿನ ಪ್ಯಾಲೆಸ್ ಥಿಯೇಟರ್ ವಾಡೆವಿಲ್‌ನ ಗರ್ಭಗುಡಿ ಎನಿಸಿತ್ತು. 1932ರಲ್ಲಿ ಅದೂ ಸಿನಿಮಾಕ್ಕೆ ಬಾಗಿಲು ತೆರೆಯಿತು.

● ಹಾಲಿವುಡ್ ತಾರೆ ಜಿಂಜರ್ ರೋಜರ್ಸ್ ಅವರ ಎಷ್ಟೋ ಕುಣಿತಗಳಲ್ಲಿ ಕೇಳುವ ಟಕಟಕ ಸದ್ದು ಅವರ ಕಾಲಿನದಲ್ಲ. ಚಿತ್ರೀಕರಣ ಮುಗಿದ ಮೇಲೆ ನೃತ್ಯ ನಿರ್ದೇಶಕ ಹರ್ಮಿಸ್ ಪ್ಯಾನ್ ಕುಣಿದು ಮುದ್ರಿಸಿದ್ದು. ಹಿನ್ನೆಲೆ ಗಾಯಕರಿದ್ದಂತೆ ಹಿನ್ನೆಲೆ ಕಾಲುಗಳೂ ಇದ್ದವು!

● ಷಿಕಾಗೋದಲ್ಲಿ 1916ರಲ್ಲಿ ಹುಟ್ಟಿದ ಜೆನಿ ಲೆಗಾನ್ ಕಪ್ಪು ಹುಡುಗಿ. ಹದಿಹರೆಯದಲ್ಲೇ ವಿಟ್‌ಮನ್ ಸೋದರಿಯರ ವಾಡೆವಿಲ್ ತಂಡ ಸೇರಿದಳು. ಆ ತಂಡದ ಒಡತಿಯರೂ ಕಪ್ಪು ಹೆಂಗಸರೇ. ಲಂಗ ಬಿಟ್ಟು ಪ್ಯಾಂಟು ತೊಟ್ಟು, ಗಂಡಸರು ಮಾಡುವ ಕಷ್ಟದ ಪಟ್ಟುಗಳನ್ನೆಲ್ಲ ಮಾಡುತ್ತಿದ್ದಳು. 1935ರ ‘ಹುರೇ ಫಾರ್ ಲವ್’ ಚಿತ್ರದಲ್ಲಿ ಆ ಕಾಲದ ಟ್ಯಾಪ್ ದೊರೆ ಬಿಲ್ ರಾಬಿನ್‌ಸನ್ ಜೊತೆ ಕುಣಿದಾಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಎಂಜಿಎಂ ಕಂಪನಿ ದೀರ್ಘಾವಧಿಯ ಕರಾರು ಬರೆಸಿಕೊಂಡಿತು, ಸ್ವಲ್ಪದರಲ್ಲೇ ರದ್ದೂ ಮಾಡಿತು. ಒಂದು ಸಮಾರಂಭದಲ್ಲಿ ಕಂಪನಿಯ ತಾರೆ ಎಲಿನಾರ್ ಪೊವೆಲ್‌ಗಿಂತ ಇವಳಿಗೆ ಹೆಚ್ಚು ಚಪ್ಪಾಳೆ ಬಿದ್ದದ್ದೇ ಮುಳುವಾಯಿತು ಎಂಬ ಮಾತಿದೆ. ಆಮೇಲೆ ಸಿಕ್ಕಿದ್ದು ಹೆಚ್ಚಾಗಿ ಮನೆಗೆಲಸದವಳ ಪಾತ್ರಗಳು. 1948ರ ‘ಈಸ್ಟರ್ ಪೆರೇಡ್’ನಲ್ಲಿ ಆನ್ ಮಿಲ್ಲರ್ ಟ್ಯಾಪ್ ಕುಣಿಯುತ್ತಾಳೆ, ಅವಳ ಸೇವಕಿಯಾಗಿ ನಿಂತವಳು ಲೆಗಾನ್. ಇದಕ್ಕಿಂತ ದೊಡ್ಡ ಅವಮಾನವನ್ನು ಯಾವ ಚಿತ್ರಕಥೆಗಾರನೂ ಬರೆಯಲಾರ. ಕೊನೆಗೆ ಕೆನಡಾದ ವ್ಯಾಂಕೂವರ್ ಸೇರಿ ಮಕ್ಕಳಿಗೆ ಟ್ಯಾಪ್ ಕಲಿಸಿದಳು. ತೀರಿಕೊಂಡದ್ದು 2012ರಲ್ಲಿ, 96ನೇ ವಯಸ್ಸಿನಲ್ಲಿ.

● ನಮ್ಮಲ್ಲಿ? ಮೂಕಿ ಕಾಲದ ದೊಡ್ಡ ತಾರೆ ಪೇಷನ್ಸ್ ಕೂಪರ್ ಕುಣಿತ ಆರಂಭಿಸಿದ್ದು ಬ್ಯಾಂಡ್‌ಮನ್ ಕಂಪನಿಯಲ್ಲಿ. ಇಂಗ್ಲಿಷ್ ಹಾಡು-ಕುಣಿತದ ಆಟಗಳನ್ನು ಊರೂರಿಗೆ ಹೊತ್ತು ತಿರುಗಿದ ಕಂಪನಿ ಅದು.

● ಅಹಮದಾಬಾದಿನಲ್ಲಿ ಮುಂಬೈ ರೈಲು ಹತ್ತಿದರೆ ವಡೋದರಾ, ಸೂರತ್ ದಾಟಿದ ಮೇಲೆ ಸಚಿನ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅದೊಂದು ಸಂಸ್ಥಾನವಾಗಿತ್ತು. ಆಳಿದವರು ಆಫ್ರಿಕಾ ಮೂಲದ ಸಿದ್ದಿ ನವಾಬರು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಿಕರೂ ಆಫ್ರಿಕಾದವರೇ. ಆ ಸಚಿನ್ ನವಾಬರ ಮಗಳೆಂದು ಹೆಸರಾದ ಜುಬೇದಾ ಹುಟ್ಟಿದ್ದು ಸೂರತ್‌ನಲ್ಲಿ. ಭಾರತದ ಮೊದಲ ಟಾಕಿ, 1931ರ ‘ಆಲಂ ಆರಾ’ದ ನಾಯಕಿ ಈಕೆಯೇ. ತಾಯಿ ಫಾತ್ಮಾ ಬೇಗಂ ಉರ್ದು ನಾಟಕರಂಗದಿಂದ ಬಂದವರು, 1926ರಲ್ಲಿ ‘ಬುಲ್‌ಬುಲ್-ಎ-ಪರಿಸ್ತಾನ್’ ಮಾಡಿ ದೇಶದ ಮೊದಲ ನಿರ್ದೇಶಕಿ ಎನಿಸಿದರು. ಬಾಲಕಿಯಾಗಿದ್ದಾಗಲೇ ತೆರೆಗೆ ಬಂದ ಜುಬೇದಾ ಮೂವತ್ತರ ದಶಕ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಹಿಂದೆ ಸರಿದಿದ್ದರು. ಬದುಕಿದ್ದು ಮಾತ್ರ 1988ರವರೆಗೆ.

● ಎಲ್ಲರ ಕತೆಯೂ ಗಿಡ್ಡವಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಮೇರಿ ಇವಾನ್ಸ್ ಮುಂಬೈಯಲ್ಲಿ ಅಂಗಡಿ ಕೆಲಸ ಮಾಡಿದಳು, ಮೇಡಂ ಆಸ್ಟ್ರೋವಾರ ನೃತ್ಯತಂಡದ ಜೊತೆ ಊರೂರು ಕುಣಿದಳು, ಸರ್ಕಸ್ಸಿನಲ್ಲೂ ಇದ್ದಳು. ಚಿತ್ರ ನಿರ್ಮಾಪಕ ವಾಡಿಯಾ ಸೋದರರು ಸಿನಿಮಾಕ್ಕೆ ಕರೆತಂದು, ‘ನಂದಾದೇವಿ’ ಎಂದು ಹೆಸರಿಟ್ಟು ಉದ್ದ ಜಡೆ ಹಾಕಿಸಲು ನೋಡಿದರು. ಆಕೆ ಒಪ್ಪಲಿಲ್ಲ. ಹೊಂಬಣ್ಣದ ಕೂದಲಲ್ಲೇ, ನಾಡಿಯಾ ಎಂಬ ಹೆಸರಲ್ಲೇ ಚಾಟಿ ಹಿಡಿದಳು. 1935ರ ‘ಹಂಟರ್‌ವಾಲಿ’ ಮನೆಮಾತಾಯಿತು. ಆಕೆಯ ಹಿಂದಿ ಅಷ್ಟಕ್ಕಷ್ಟೇ, ಆದರೆ ಓಡುವ ರೈಲಿನ ಮೇಲೆ ಹೊಡೆದಾಡುವವರ ಉಚ್ಚಾರಣೆಯನ್ನು ಯಾರು ಕೇಳುತ್ತಾರೆ? 1968ರ ‘ಖಿಲಾಡಿ’ಯವರೆಗೂ ಬಣ್ಣ ಹಚ್ಚಿದಳು. ಆ ಸೋದರರಲ್ಲಿ ಆಕೆ ಮದುವೆಯಾದ ನಿರ್ದೇಶಕ ಹೋಮಿ ವಾಡಿಯಾ ಕೂಡ ಜುಬೇದಾರಂತೆ ಸೂರತ್‌ನಲ್ಲಿ ಹುಟ್ಟಿದವರು.

● ಬೆಂಗಳೂರಿಗೂ ಇಲ್ಲಿ ಪಾಲಿದೆ. ಹಿಂದಿ ಚಿತ್ರಗಳ ಮೊದಲ ಹೆಸರಾಂತ ನರ್ತಕಿಯರಲ್ಲಿ ಒಬ್ಬರಾದ ಅಜೂರಿ ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ಜರ್ಮನ್ ಯಹೂದಿ ವೈದ್ಯ. ಮೊದಲು ಕಲಿತದ್ದು ಬ್ಯಾಲೆ. ದೇಶ ವಿಭಜನೆಯಾದ ಮೇಲೆ ಪಾಕಿಸ್ತಾನಕ್ಕೆ ಹೋಗಿ ರಾವಲ್ಪಿಂಡಿಯಲ್ಲಿ ನೃತ್ಯ ಕಲಿಸಿದರು.

● ಟ್ಯಾಪ್ ನಮ್ಮಲ್ಲೇಕೆ ಬೇರು ಬಿಡಲಿಲ್ಲ? ನಮ್ಮ ಟಾಕಿ ಕಿವಿ ಕೊಟ್ಟದ್ದು ಕೊರಳಿಗೆ. ‘ಆಲಂ ಆರಾ’ದಲ್ಲಿ ಏಳು ಹಾಡುಗಳಿದ್ದವು. ಹಾಡಲು ಬಾರದವರಿಗೆ ಕಾಲು ಎಷ್ಟು ಚುರುಕಿದ್ದರೂ ಸಿಕ್ಕಿದ್ದು ಒಂದೆರಡು ಕುಣಿತ, ಅಷ್ಟೇ.

● ‘ಆಲಂ ಆರಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಾಟಕರಂಗದ ತ್ರಿಪುರಾಂಬಾ ನಾಯಕಿಯಾಗಿದ್ದ ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’ಕ್ಕೂ ಅದೇ ಗತಿ. ಇಂಥ ಎಷ್ಟೋ ಚಿತ್ರಗಳ ಕುರುಹಾಗಿ ಉಳಿದಿರುವುದು ಥಿಯೇಟರ್ ಬಾಗಿಲಲ್ಲಿ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳು. ಅಜ್ಜಿಯ ಟ್ರಂಕಿನಲ್ಲಿ ಅಂಥದ್ದೊಂದು ಸಿಕ್ಕರೆ ರದ್ದಿಯವನಿಗೆ ತೂಕಕ್ಕೆ ಹಾಕಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಮಾತು ತಿಳಿಸಿ.